ಹೂ ಅರಳಿದ ದಿನ ಹಕ್ಕಿ ನೋಡಲು ಹೋದದ್ದು

“ಈ ವಾರವಿಡೀ ಬೆಳಗಿನ ಹೊತ್ತು ನಾನು ಕಾಫಿ ಬೆಳೆಗಾರನೇ ಅಲ್ಲ! ಹೂವು, ಹಕ್ಕಿ, ಬೆಟ್ಟ, ಮಂಜು, ಇಷ್ಟೇ ನನ್ನ ಪ್ರಪಂಚ!” ಎಂದು ಹೆಂಡತಿ ಹೇಮಶ್ರೀಯ ಮುಂದೆ ಘೋಷಿಸಿದೆ.

ಅವಳು ಒಲೆಯಿಂದ ಕಣ್ಣೆತ್ತಲಿಲ್ಲ. “ಹಾಲು ಉಕ್ಕೋವರ್ಗೂ ಈ ಮಾತು ನಿಂತ್ರೆ ಸಾಕು.”

ಮಾರನೆಯ ಬೆಳಿಗ್ಗೆ ಬೈನಾಕ್ಯುಲರ್ ಕೊರಳಿಗೆ ನೇತುಹಾಕಿಕೊಂಡು, ದಂಡಯಾತ್ರೆಗೆ ಹೊರಟ ಚಕ್ರವರ್ತಿಯಂತೆ ನಮ್ಮ ತೋಟದ ಮೇಲಿನ ಗುಡ್ಡ ಹತ್ತಿದೆ. ಅರ್ಧ ದಾರಿಗೇ ಚಕ್ರವರ್ತಿಗೆ ದಮ್ಮು ಹತ್ತಿತು. ಮಹಾರಾಣಿ ಆಗಲೇ ತುದಿಯಲ್ಲಿದ್ದಳು.

“ರೀ, ಆ ಹಾಲುವಾಣ ನೋಡ್ರಿ! ಬೆಂಕಿ ಹಚ್ಚಿದಂಗೆ ಹೂ ಬಿಟ್ಟೈತೆ!”

“ಕೊಂಬೆ ಕಡಿಸಿ ಮರಗಸಿ ಮಾಡ್ಸಿಲ್ಲ. ನೆರಳು ಜಾಸ್ತಿ ಆಗೈತೆ.”

“ಕುಟುರ ಹಕ್ಕಿ ಕೂಗ್ತೈತೆ, ಕೇಳ್ರಿ!”

“ಪೊಟರೆ ಕೊರೆದು ಮರ ಹಾಳು ಮಾಡ್ತದೆ.”

“ಬೆಳೆಗಾರ ಅಲ್ಲ ಅಂದ್ರಲ್ಲ?”

ನಾಲಿಗೆ ಕಚ್ಚಿಕೊಂಡು ಕೆಳಗೆ ನೋಡಿದೆ. ಮೊಗ್ಗು ಅರಳಲೆಂದು ಒಂಬತ್ತು ದಿನದ ಹಿಂದೆ ಸ್ಪ್ರಿಂಕ್ಲರ್ ಬಿಟ್ಟಿದ್ದೆವು. ಇಂದು ತೋಟವಿಡೀ ಕಾಫಿಯ ಬಿಳಿ ಹೂ! ಮಲ್ಲಿಗೆಯನ್ನೇ ನಾಚಿಸುವ ಘಮ! ಹೂ ಅರಳಿದ ದಿನ ಮಾತ್ರ ಒಂದು ಹನಿ ನೀರೂ ತಾಗಬಾರದು. ತಾಗಿದರೆ ಕಾಯಿ ಕಚ್ಚುವುದಿಲ್ಲ. ಅದಕ್ಕೇ ಮೋಟರು ನೋಡಿಕೊಳ್ಳುವ ವೀರಯ್ಯನಿಗೆ, “ಗುಂಡಿ ಮುಟ್ಟಿದ್ರೆ ಜೋಕೆ!” ಎಂದು ನಿನ್ನೆಯೇ ಗದರಿದ್ದೆ.

ಆಗ ಕೇಳಿಸಿತು. ಚಿಕ್ ಚಿಕ್ ಚಿಕ್ ಚಿಕ್... ಟರ್ರ್‌ರ್!

ಸ್ಪ್ರಿಂಕ್ಲರ್! ನಮ್ಮ ತೋಟದಿಂದಲೇ!

“ವೀರಯ್ಯ ನೀರು ಬಿಟ್ಬುಟ್ಟ ಕಣೇ! ವರ್ಷದ ಫಸಲು ಹೋಯ್ತು!”

“ರೀ, ನಿಲ್ರಿ! ಅದು...”

ನಿಲ್ಲುವುದುಂಟೇ? ಗುಡ್ಡವನ್ನು ಅರ್ಧ ಓಡಿ ಇಳಿದೆ, ಇನ್ನರ್ಧ ಕೂತು ಇಳಿದೆ. ಲಂಟಾನ ಪೊದೆಯೊಂದು ನನ್ನ ಕನ್ನಡಕವನ್ನೂ ಪ್ಯಾಂಟಿನ ಹಿಂಭಾಗವನ್ನೂ ಸುಂಕವಾಗಿ ವಸೂಲಿ ಮಾಡಿತು. ಮೋಟರು ಮನೆಗೆ ನುಗ್ಗಿದಾಗ ನನ್ನ ಏದುಸಿರೇ ಹತ್ತು ಎಚ್‌.ಪಿ. ಸದ್ದು ಮಾಡುತ್ತಿತ್ತು. ಮೋಟರು ನಿಜಕ್ಕೂ ಓಡುತ್ತಿದೆಯೇ ಎಂದು ಕೇಳುವ ವ್ಯವಧಾನವೆಲ್ಲಿ? ಮಸುಕು ಮಸುಕಾಗಿ ಕಂಡ ಎರಡು ಗುಂಡಿಗಳಲ್ಲಿ ಒಂದನ್ನು ಒತ್ತಿದೆ.

ಗುರ್ರ್ ಎಂದಿತು. ನಿಲ್ಲಲಿಲ್ಲವಲ್ಲ ಎಂದು ಅದನ್ನೇ ಇನ್ನೂ ಜೋರಾಗಿ ಒತ್ತಿದೆ. ಹೊರಗೆ ಪೈಪು ಕೆಮ್ಮಿತು. ಸ್ಪ್ರಿಂಕ್ಲರಿನ ಜೆಟ್ಟು ಗಿರ್ರನೆ ತಿರುಗಿ, ಬಾಗಿಲಿಗೆ ಬಂದ ನನ್ನನ್ನೂ ಸೇರಿಸಿ ಸುತ್ತಲ ಹೂವಿಗೆಲ್ಲ ಸಾಂಗವಾಗಿ ಅಭಿಷೇಕ ಮಾಡಿತು!

ವೀರಯ್ಯ ಎಲ್ಲಿಂದಲೋ ಹಾರಿ ಬಂದು ಕೆಂಪು ಗುಂಡಿ ಒತ್ತಿದ. “ಏನ್ ಗೌಡ್ರೇ, ಹೂವಿನ್ ದಿನ ಮೋಟ್ರು ಹಾಕ್ಬುಟ್ರಲ್ಲ!”

“ಹಾಕಿದ್ದು ನೀನು! ಮೇಲ್ಗಡೆ ನನ್ನ ಕಿವಿಯಾರೆ ಕೇಳಿದೆ!”

ಮೋಟರು ನಿಂತಿತ್ತು. ಆದರೂ ತಲೆಯ ಮೇಲೆ ಕೇಳಿಸಿತು: ಚಿಕ್ ಚಿಕ್ ಚಿಕ್... ಟರ್ರ್‌ರ್! ಸಿಲ್ವರ್ ಓಕ್ ಮರದ ಕೊಂಬೆಯ ಮೇಲೆ ಕಪ್ಪು ಹಕ್ಕಿಯೊಂದು ಉದ್ದ ಬಾಲ ಆಡಿಸುತ್ತಿತ್ತು.

“ಭೀಮರಾಜ ಕಣ್ರೀ,” ಎಂದಳು ನಿಧಾನವಾಗಿ ಇಳಿದು ಬಂದ ಹೇಮಶ್ರೀ. “ಯಾವ್ ಸದ್ದಾದ್ರೂ ಕಲ್ತ್ಕಂತದೆ. ಅದನ್ನೇ ಹೇಳೋಕ್ ಬಂದೆ, ನೀವ್ ಕೇಳಿದ್ರೆ ತಾನೆ!” ತೊಟ್ಟಿಕ್ಕುವ ಹೂಗಳನ್ನು ನೋಡಿ ಅವಳ ಮುಖ ಸಣ್ಣಗಾಯಿತು. “ಎಷ್ಟು ಗಿಡ ಹೋದ್ವು ವೀರಯ್ಯ?”

“ಇನ್ನೂರು ಹೋದ್ವು ಅಮ್ಮಾವ್ರೇ. ಮಿಕ್ಕಿದ್ದು ಉಳೀತು. ಈ ಹಕ್ಕಿ ನಿನ್ನೆ ನನ್ನೂ ಏಮಾರಿಸ್ತು. ಬಿದ್ದಂಬೀಳ ಓಡ್ ಬಂದಿದ್ದೆ.”

ಮುಳುಗುವವನಿಗೆ ಹಗ್ಗ ಸಿಕ್ಕಂತಾಯಿತು! ಎದೆಯುಬ್ಬಿಸಿ ಹೆಂಡತಿಯತ್ತ ತಿರುಗಿದೆ. “ಕೇಳಿದ್ಯಾ? ಮೂವತ್ತು ವರ್ಷದ ಅನುಭವಸ್ಥ! ಅವನೇ ಮೋಸ ಹೋದ!”

“ಹೋದೆ ಗೌಡ್ರೇ,” ಎಂದ ವೀರಯ್ಯ ತಲೆ ಕೆರೆದುಕೊಳ್ಳುತ್ತಾ. “ಆದ್ರೆ ನಿಂತಿದ್ ಮೋಟ್ರು ನೋಡಿ ವಾಪಸ್ ಹೋದೆ.”