ಎಲುಬು ಹಿಡಿಯುವ ಮಾವನೂ ನನ್ನ ಸಂದರ್ಶನವೂ

ಸುಳ್ಯ ತಾಲ್ಲೂಕಿನಲ್ಲಿ ನನ್ನ ಸೋದರಮಾವನಿಗೆ ಯಾರೂ ಕೈ ಕೊಡುವುದಿಲ್ಲ. ತಪ್ಪು ತಿಳಿಯಬೇಡಿ, ಅವರು ಬಹಳ ಮರ್ಯಾದಸ್ಥರು. ತೊಂದರೆ ಏನೆಂದರೆ, ಕೊಟ್ಟ ಕೈ ವಾಪಸು ಬರಲು ಹತ್ತು ನಿಮಿಷ ಹಿಡಿಯುತ್ತದೆ! ಮಾವ ಅದನ್ನು ಕುಲುಕುವುದಿಲ್ಲ. ಮಣಿಕಟ್ಟಿನಿಂದ ಮೊಣಕೈ, ಮೊಣಕೈಯಿಂದ ಹೆಗಲು ಎಂದು ಮೆಲ್ಲಗೆ ಒತ್ತುತ್ತಾ ಮೇಲೆ ಹೋಗುತ್ತಾರೆ. ಆಮೇಲೆ ಕಣ್ಣು ಮುಚ್ಚಿಕೊಂಡು, "ನೀವು ಒಮ್ಮೆ ಬೈಕಿನಿಂದ ಬಿದ್ದದ್ದು ಉಂಟಲ್ಲ?" ಎನ್ನುತ್ತಾರೆ. ಬಿದ್ದದ್ದು ಉಂಟು. ಆದರೆ ಅದನ್ನು ಕೈ ಕೊಟ್ಟಾತ ತನ್ನ ಹೆಂಡತಿಗೆ ಹೇಳಿರುವುದಿಲ್ಲ, ಮತ್ತು ಹೆಂಡತಿ ಪಕ್ಕದಲ್ಲೇ ನಿಂತಿರುತ್ತಾಳೆ.

ಮಾವನ ಮನೆ ಕೊಲ್ಲಮೊಗ್ರಿನಲ್ಲಿ. ಓದಿದ್ದು ಐದನೆಯ ತರಗತಿ. ಎಲುಬು, ನರ, ಉಳುಕು ನೋಡುವ ವಿದ್ಯೆ ಅವರಿಗೆ ನಮ್ಮ ಅಜ್ಜನಿಂದ ಬಂದದ್ದು. ಒಮ್ಮೆ ನರಿಮೊಗರಿನ ಮದುವೆಯೊಂದರಲ್ಲಿ ಅಕ್ಷತೆ ಹಾಕಲು ಹೋದವರು ಮದುಮಗನ ಬೆನ್ನ ಮೇಲೆ ಕೈಯಿಟ್ಟು ಅಲ್ಲೇ ನಿಂತುಬಿಟ್ಟರು. ಹಿಂದೆ ಸಾಲು ಬೆಳೆದು ಊಟದ ಹಾಲ್ ಮುಟ್ಟಿತು. ಫೋಟೋದವನು "ಇಲ್ಲಿ ನೋಡಿ, ಇಲ್ಲಿ ನೋಡಿ" ಎಂದು ಕರೆದು ಸೋತ. ಕೊನೆಗೆ ಮಾವ ಗಂಭೀರವಾಗಿ, "ಬಲದ ಹೆಗಲು ಒಂದು ನೂಲು ಕೆಳಗೆ ಉಂಟು" ಎಂದರು. ಮದುಮಗಳ ಅಜ್ಜಿ ಕೂತಲ್ಲಿಂದಲೇ ಹೇಳಿದರು: "ಇದನ್ನು ಮುಹೂರ್ತಕ್ಕೆ ಮೊದಲು ಹೇಳ್ಬೇಕಿತ್ತು ಮಾರಾಯ್ರೆ. ಈಗ ಹಿಂದೆ ಕೊಡ್ಲಿಕ್ಕೆ ಆಗುದಿಲ್ಲ."

ಇಂಥ ಮನುಷ್ಯ ನನ್ನನ್ನು ಸಂದರ್ಶನಕ್ಕೆ ತಯಾರು ಮಾಡಲು ಹೊರಟರೆ ನನ್ನ ಗತಿ ಏನಾಗಬೇಡ?

ನನ್ನ ವಿಷಯವನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಮನೆ ಕಲ್ಲುಗುಂಡಿ. ಅಪ್ಪ ಜೀಪು ಓಡಿಸುತ್ತಾರೆ, ಅಮ್ಮ ಬೀಡಿ ಕಟ್ಟುತ್ತಾರೆ. ಎರಡೂ ಕಡೆಯ ಕುಟುಂಬದಲ್ಲಿ ಡಿಗ್ರಿ ಕಂಡ ಮೊದಲ ಜೀವ ನಾನು. ಓದಿದ್ದು ಫಿಸಿಯೋಥೆರಪಿ. ಅಂಗರಚನೆಯ ಪೇಪರನ್ನು ಎರಡು ಸಲ ಬರೆದು ಪಾಸಾದವಳು. ಹಾಗಾಗಿ ಒಂದೇ ಸಲಕ್ಕೆ ಪಾಸಾದವರಿಗಿಂತ ಆ ವಿಷಯ ನನಗೆ ಚೆನ್ನಾಗಿ ಗೊತ್ತು ಎಂದು ಈಗಲೂ ತಲೆಯೆತ್ತಿ ಹೇಳುತ್ತೇನೆ. ಪುತ್ತೂರಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದಾಗ ಆಸ್ಟಿಯೋಪತಿ ಓದುವ ಹುಚ್ಚು ಹತ್ತಿತು. ಹೊರರಾಜ್ಯದ ಕಾಲೇಜು, ಬೆರಳೆಣಿಕೆಯ ಸೀಟುಗಳು. ಮೂವರು ಪರೀಕ್ಷಕರು ವಿಡಿಯೋದಲ್ಲಿ, ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಾರೆ. ಹಿಂದಿನ ವರ್ಷ ಅರ್ಜಿ ಹಾಕಿ ಸಂದರ್ಶನದಲ್ಲೇ ಬಿದ್ದಿದ್ದೆ. ಈ ಸಲವೂ ಬಿದ್ದರೆ ಆ ಆಸೆ ಬಿಡುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಉಳಿದದ್ದು ಹದಿನೈದು ದಿನ.

ಆಸ್ಟಿಯೋಪತಿ ಎಂದರೇನೆಂದು ಮಾವನಿಗೆ ವಿವರಿಸಿದ್ದೇ ಒಂದು ಸಂದರ್ಶನ. ಅಮೆರಿಕದಲ್ಲಿ ಇದನ್ನು ಓದಿದವರು ಪೂರ್ತಿ ಡಾಕ್ಟರೇ, ಮದ್ದು ಬರೆಯುತ್ತಾರೆ, ಆಪರೇಶನ್ ಕೂಡ ಮಾಡುತ್ತಾರೆ. ನಾನು ಓದಬೇಕೆಂದಿರುವುದು ಅದಲ್ಲ, ಕೈಯಿಂದ ಮಾಡುವ ಚಿಕಿತ್ಸೆ ಎಂದೆ. ದೇಹವೆಲ್ಲ ಒಂದು. ಅದರ ರಚನೆಗೂ ಕೆಲಸಕ್ಕೂ ಬಿಡಿಸಲಾಗದ ಸಂಬಂಧ. ತನ್ನನ್ನು ತಾನು ಸರಿಮಾಡಿಕೊಳ್ಳುವ ಶಕ್ತಿ ಅದಕ್ಕೇ ಇದೆ, ನಾವು ದಾರಿ ಬಿಡಿಸಿಕೊಟ್ಟರಾಯಿತು. ಮಂಡಿ ನೋವೆಂದು ಬಂದವರ ಪಾದ, ಸೊಂಟ, ಉಸಿರು, ನಿದ್ದೆ ಎಲ್ಲವನ್ನೂ ನೋಡಬೇಕು.

"ಇದನ್ನು ಕಲಿಸ್ಲಿಕ್ಕೆ ಕಾಲೇಜು ಬೇಕಾ?" ಎಂದರು ಮಾವ.

"ಬೇಕು ಮಾವ."

"ಅವರು ಎಲುಬು ಕೂಡಿಸ್ತಾರಾ?"

"ಇಲ್ಲ. ಮುರಿದದ್ದನ್ನು ಅವರು ಮುಟ್ಟುದಿಲ್ಲ."

"ಮತ್ತೆ ಎಂತ ಮಾಡುದು?"

"ಮುರಿಯದವರನ್ನು ನೋಡುದು."

ಮಾವ ತಲೆದೂಗಿದರು. "ಒಳ್ಳೇದು. ಅಂಥವರು ಜಾಸ್ತಿ ಉಂಟು."

ಅಲ್ಲಿಗೆ ಒಪ್ಪಿಗೆ ಸಿಕ್ಕಿತು. ಮರುದಿನದಿಂದಲೇ ಕೊಲ್ಲಮೊಗ್ರಿನಿಂದ ಎರಡು ಬಸ್ಸು ಬದಲಿಸಿ ಬಂದು ನಮ್ಮ ಜಗಲಿಯಲ್ಲಿ ಕೂರತೊಡಗಿದರು. ನಾನು ಇಂಗ್ಲಿಷಿನಲ್ಲಿ ಉತ್ತರ ಹೇಳುವುದು, ಅವರು ಕೇಳುವುದು. ಇಂಗ್ಲಿಷ್ ಬಾರದ ಪರೀಕ್ಷಕರು ನನಗೂ ಆರಾಮ ಎಂದುಕೊಂಡಿದ್ದೆ. ಎಂಥ ತಪ್ಪು ಲೆಕ್ಕ! ಅವರು ನನ್ನ ಹಿಂದೆ ಕೂತು ಎರಡು ಹೆಗಲಿನ ನಡುವೆ ಅಂಗೈ ಇಟ್ಟು, "ಹಾಂ, ಹೇಳು" ಎಂದರು. ಆಸ್ಟಿಯೋಪತಿಯನ್ನೇ ಏಕೆ ಆರಿಸಿಕೊಂಡಿರಿ ಎಂಬ ಪ್ರಶ್ನೆಗೆ ಇಂಟರ್ನೆಟ್ಟಿನಿಂದ ಇಳಿಸಿ ಬಾಯಿಪಾಠ ಮಾಡಿದ ಉತ್ತರವನ್ನು ಸರಾಗವಾಗಿ ಒಪ್ಪಿಸಿದೆ.

"ಇದು ಸುಳ್ಳು" ಎಂದರು ಮಾವ.

"ನಿಮಗೆ ಅರ್ಥವೇ ಆಗ್ಲಿಲ್ಲ, ಸುಳ್ಳು ಅಂತ ಹೇಗೆ ಗೊತ್ತಾದ್ದು?"

"ನಿನ್ನ ಉಸಿರು ಮೇಲೆಯೇ ನಿಂತಿತು. ಸತ್ಯಕ್ಕೆ ಅದು ಕೆಳಗೆ ಇಳೀತದೆ."

ಹಾಗೆ ಕದ್ದು ತಂದ ಉತ್ತರಗಳು ಒಟ್ಟು ಮೂರಿದ್ದವು. ಎರಡನ್ನು ಅವರು ಹಿಡಿದರು. ಮೂರನೆಯದು ತಪ್ಪಿಸಿಕೊಂಡಿತು, ಏಕೆಂದರೆ ಆ ಹೊತ್ತಿಗೆ ಅಮ್ಮ ಚಾ ತಂದರು.

ಇನ್ನೊಂದು ಪಾಠವನ್ನೂ ಆಗಲೇ ಕಲಿಸಿದರು. ಮಾವ ಯಾರನ್ನು ನೋಡುವಾಗಲೂ ನೋವಿರುವ ಕಡೆಯನ್ನು ಮೊದಲು ಮುಟ್ಟುವುದಿಲ್ಲ. ಎಡಗೈ ನೋವೆಂದು ಬಂದವನ ಬಲಗೈಯನ್ನು ಅರ್ಧ ಗಂಟೆ ಹಿಡಿದು ಕೂರುತ್ತಾರೆ. ಗೊತ್ತಿಲ್ಲದವರು "ಈ ಕೈ ಅಲ್ಲ ಮಾರಾಯ್ರೆ" ಎಂದು ಗಾಬರಿಯಾಗುತ್ತಾರೆ. "ಸರಿ ಇದ್ದದ್ದು ಹೇಗುಂಟು ಅಂತ ತಿಳಿಯದೆ ತಪ್ಪಿದ್ದನ್ನು ಹಿಡಿಲಿಕ್ಕೆ ಆಗ್ತದಾ?" ಎಂಬುದು ಅವರ ವಾದ. ನನ್ನ ಪ್ರೊಫೆಸರರೂ ಇದನ್ನೇ ಹೇಳಿದ್ದರು, ಪವರ್ ಪಾಯಿಂಟಿನಲ್ಲಿ.

ಕೊನೆಯ ದಿನ ಬಸ್ಸಿಗೆ ಹೊರಟವರು ಅಂಗಳದಿಂದ ತಿರುಗಿ ಬಂದರು. "ಒಂದು ಮಾತು. ಅಲ್ಲಿ ನನ್ನ ಸುದ್ದಿ ತೆಗಿಬೇಡ."

"ಯಾಕೆ ಮಾವ?"

"ಊರಿನ ಎಲುಬು ಹಿಡಿಯುವವನ ಸೊಸೆ ಅಂತ ಗೊತ್ತಾದ್ರೆ ಸೀಟು ಕೊಡ್ತಾರಾ? ಮಾತು ಕೊಡು."

ನಾನು ಹೂಂ ಎಂದೆ. ಬೆನ್ನ ಮೇಲೆ ಅವರ ಕೈ ಇರಲಿಲ್ಲ, ಬಚಾವಾದೆ.

ಕಲ್ಲುಗುಂಡಿಯ ನೆಟ್‌ವರ್ಕನ್ನು ನಂಬಿ ಜೀವನ ಕಟ್ಟಲಾಗುವುದಿಲ್ಲವಾದ್ದರಿಂದ ಪುತ್ತೂರಿನ ಕ್ಲಿನಿಕ್ಕಿನ ಒಳಕೋಣೆಯಲ್ಲೇ ಸಂದರ್ಶನಕ್ಕೆ ಕೂತೆ. ಮಾವ ಕರೆಯದೆಯೇ ಬೆಳಗಿನ ಬಸ್ಸಿಗೆ ಬಂದಿದ್ದರು. ಬಿಳಿ ಮುಂಡು, ಇಸ್ತ್ರಿ ಹಾಕಿದ ಅಂಗಿ. ಸಂದರ್ಶನ ಅವರದ್ದೇ ಇದ್ದಂತೆ. "ನಾನು ಹೊರಗೆ ಸುಮ್ಮನೆ ಕೂತಿರ್ತೇನೆ" ಎಂದರು. ಮಾವ ಸುಮ್ಮನೆ ಕೂರುವುದೆಂದರೆ! ಪರದೆಯ ಮೇಲೆ ಮೂರು ಮುಖಗಳು ಮೂಡುವ ಹೊತ್ತಿಗೆ ತೆಳ್ಳನೆಯ ಗೋಡೆಯಾಚೆ ಅವರ ದನಿ ಕೇಳುತ್ತಿತ್ತು: "ಎಡದ ಕಾಲು ಚಾಚಿ. ಇಷ್ಟು ಊತ ಇಟ್ಟುಕೊಂಡು ಇಲ್ಲಿ ಟೋಕನ್ ಹಿಡಿದು ಕೂತದ್ದಾ? ಮೊದಲು ಎಕ್ಸ್‌ರೇ ತೆಗಿಸಿ ಮಾರಾಯ್ರೆ." ಕ್ಲಿನಿಕ್ಕಿನ ಗಿರಾಕಿಯೊಬ್ಬರು ಎದ್ದು ಹೋದ ಸದ್ದೂ ಕೇಳಿಸಿತು.

ಆಸ್ಟಿಯೋಪತಿಗೂ ಫಿಸಿಯೋಥೆರಪಿಗೂ ವ್ಯತ್ಯಾಸವೇನು ಎಂದು ಕೇಳಿದರು, ಹೇಳಿದೆ. ಹೆಗಲು ನೋವಿನವರನ್ನು ಹೇಗೆ ಪರೀಕ್ಷಿಸುತ್ತೀರಿ ಎಂದರು. ನೋವಿಲ್ಲದ ಹೆಗಲಿನಿಂದ ಶುರು ಮಾಡುತ್ತೇನೆ ಎಂದೆ. ಒಬ್ಬರು ಏನೋ ಬರೆದುಕೊಂಡರು. ನಡುವೆ ಕೂತಿದ್ದ ಹೆಂಗಸು ಕನ್ನಡಕ ಸರಿಮಾಡಿಕೊಂಡು ಮೂರನೆಯ ಪ್ರಶ್ನೆ ಹಾಕಿದರು: "ಹಳ್ಳಿಯ ಎಲುಬು ಕಟ್ಟುವವರ ಹತ್ತಿರ ಹೋಗಿ, ಎಲುಬು ಸೊಟ್ಟಗೆ ಕೂಡಿದ ರೋಗಿ ನಿಮ್ಮಲ್ಲಿಗೆ ಬಂದರೆ ಏನು ಮಾಡುತ್ತೀರಿ? ಆ ಕಟ್ಟಿದವರ ಬಗ್ಗೆ ಏನು ಹೇಳುತ್ತೀರಿ?"

ಇದಕ್ಕೂ ನನ್ನ ಬಳಿ ಸಿದ್ಧ ಉತ್ತರವಿತ್ತು. ಅಂಥವರನ್ನು ಖಂಡಿಸಬೇಕು, ಜನರಿಗೆ ತಿಳುವಳಿಕೆ ಕೊಡಬೇಕು, ತಜ್ಞರ ಬಳಿ ಕಳಿಸಬೇಕು. ಮಾವನ ಕೈಯಿಂದ ತಪ್ಪಿಸಿಕೊಂಡ ಮೂರನೆಯ ಉತ್ತರ ಇದೇ. ಮೊದಲ ವಾಕ್ಯ ಬಾಯಿಯವರೆಗೆ ಬಂತು. ಗೋಡೆಯಾಚೆ ಮಾವ ಯಾರಿಗೋ, "ಉಸಿರು ಬಿಡಿ, ಹೆದರುದು ಬೇಡ" ಎನ್ನುತ್ತಿದ್ದರು. ಪರದೆಯ ಮೂವರೂ ಕಾಯುತ್ತಿದ್ದರು. ನೆಟ್‌ವರ್ಕ್ ಹೋಯಿತೇ ಎಂದು ಒಬ್ಬರು ಕೇಳಿದರು.

"ಆ ರೋಗಿ ನನ್ನ ಅಮ್ಮ" ಎಂದೆ. "ಕಟ್ಟಿದವರು ನನ್ನ ಮಾವ. ಈಗ ಈ ಕೋಣೆಯ ಹೊರಗೆ ಕೂತಿದ್ದಾರೆ."

ಮೂವರೂ ಪರದೆಯ ಹತ್ತಿರಕ್ಕೆ ಬಾಗಿದರು.

ನಾನು ಆರನೆಯ ತರಗತಿಯಲ್ಲಿದ್ದಾಗ ಅಮ್ಮ ತೋಡಿನ ನೀರು ದಾಟುವ ಮರದ ಸಂಕದಿಂದ ಜಾರಿ ಬಿದ್ದಿದ್ದರು. ತಮ್ಮ ತಂಗಿಯ ಮುರಿದ ಮೊಣಕೈಗೆ ಮಾವನೇ ಬಿದಿರಿನ ಸೀಳು ಇಟ್ಟು ಬಟ್ಟೆ ಸುತ್ತಿದರು. ಸಾವಿರ ಕೈ ಕಟ್ಟಿದವರಿಗೆ ಅದೊಂದು ತಪ್ಪಿತು. ಅಮ್ಮನ ಬಲಗೈ ಅಂದಿನಿಂದ ಪೂರ್ತಿ ನೆಟ್ಟಗಾಗುವುದಿಲ್ಲ. ಅಷ್ಟನ್ನೂ ಹೇಳಿದೆ.

"ಅವರು ಮಾಡಿದ್ದು ತಪ್ಪಲ್ಲವೇ?" ಎಂದು ಆ ಹೆಂಗಸು ಕೇಳಿದರು.

"ತಪ್ಪೇ. ಅದು ಅವರಿಗೂ ಗೊತ್ತು. ಆಮೇಲೆ ಮುರಿದ ಎಲುಬನ್ನು ಅವರು ಒಮ್ಮೆಯೂ ಕಟ್ಟಿಲ್ಲ. ನಮ್ಮ ಅಪ್ಪನ ಜೀಪು ಕರೆಸಿ ಆಸ್ಪತ್ರೆಗೆ ತಾವೇ ಕರಕೊಂಡು ಹೋಗುತ್ತಾರೆ, ಎಕ್ಸ್‌ರೇ ಬರುವವರೆಗೆ ಬಾಗಿಲಲ್ಲಿ ನಿಲ್ಲುತ್ತಾರೆ. ಅವರ ಕೈಗೆ ಗೊತ್ತಿರುವುದು ಎಲ್ಲಿಗೆ ಮುಗಿಯುತ್ತದೆ ಎಂದು ಅವರಿಗೆ ಅಮ್ಮನ ಕೈ ಕಲಿಸಿತು. ನಾನು ಅದನ್ನು ಯಾರ ಕೈಯನ್ನೂ ಹಾಳುಮಾಡದೆ ಕಲಿಯಬೇಕು. ಅದಕ್ಕೇ ನಿಮ್ಮ ಕಾಲೇಜು ಬೇಕು."

ಧನ್ಯವಾದ, ತಿಳಿಸುತ್ತೇವೆ ಎಂದರು. ಪರದೆ ಕಪ್ಪಾಯಿತು. ಹೊರಗೆ ಬಂದರೆ ಮಾವ ಎದ್ದು ನಿಂತಿದ್ದರು.

"ನನ್ನ ಸುದ್ದಿ ತೆಗಿಲಿಲ್ಲ ಅಲ್ಲ?"

"ತೆಗೆದೆ ಮಾವ. ಅಮ್ಮನ ಕೈಯ ಸುದ್ದಿಯೂ ಹೇಳಿದೆ."

ಅವರು ಕೊಡೆ ತೆಗೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆಗೆ ನಡೆದರು. ಆಮೇಲಿನ ಹತ್ತು ದಿನ ಫೋನಿಲ್ಲ, ಬರುವಿಕೆಯಿಲ್ಲ. ಸೀಟಿನ ಚಿಂತೆ ಒಂದು ಕಡೆ, ಮಾವನ ಮೌನ ಇನ್ನೊಂದು ಕಡೆ. ನಾನು ಕ್ಲಿನಿಕ್ಕಿನಲ್ಲಿ ಒಬ್ಬರ ಬೆನ್ನಿಗೆ ಬದಲಾಗಿ ಇನ್ನೊಬ್ಬರ ಬೆನ್ನಿಗೆ ಬಿಸಿ ಪ್ಯಾಕ್ ಇಟ್ಟದ್ದೂ ಉಂಟು. ಇಬ್ಬರೂ ಹಾಯೆನಿಸಿತು ಎಂದರು.

ಹನ್ನೊಂದನೆಯ ದಿನ ಕಾಲೇಜಿನ ಪತ್ರ ಬಂತು. ಸೀಟು ಸಿಕ್ಕಿತ್ತು. ಅಮ್ಮ ಕೊಲ್ಲಮೊಗ್ರಿಗೆ ಫೋನು ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಮಾವ ಬಂದು ಜಗಲಿಯಲ್ಲಿ ನಿಂತರು.

"ನನ್ನ ತಪ್ಪನ್ನು ಅಷ್ಟು ದೊಡ್ಡವರ ಎದುರು ನೀನು ಹೇಳಿದೆ. ನಾನು ನಿನ್ನ ಅಮ್ಮ ಒಬ್ಬಳ ಎದುರು ಇಷ್ಟು ವರ್ಷ ಹೇಳ್ಲಿಲ್ಲ" ಎಂದು ನನಗೆ ಹೇಳಿ ಅಡುಗೆಮನೆಗೆ ಹೋದರು. ಒಳಗೆ ಏನು ಮಾತಾಯಿತೋ ತಿಳಿಯದು. ಅಮ್ಮನ ದನಿ ಮಾತ್ರ ಕೇಳಿತು: "ಆಯ್ತು ಅಣ್ಣ. ಕೈ ತೊಳೆದು ಕೂತ್ಕೊ."

ಆಗಲೇ ನನಗೆ ಹೊಳೆದದ್ದು. ಅಮ್ಮ ಬಿದ್ದ ಮೇಲೆ ಮಾವ ನಮ್ಮ ಮನೆಯಲ್ಲಿ ಚಾ ಕುಡಿದಿದ್ದಾರೆಯೇ ಹೊರತು ಊಟಕ್ಕೆ ಕೂತದ್ದಿಲ್ಲ. ಪ್ರತಿ ಸಲವೂ ಅವರಿಗೆ ಬಸ್ಸು ಇರುತ್ತಿತ್ತು.

ಅಂದು ಕೂತರು. ಅಮ್ಮ ಅನ್ನದ ಸಟ್ಟುಗ ಹಿಡಿದು ಬಾಗಿದರು. ಕೈ ಎಂದಿನಂತೆ ಅರ್ಧ ದಾರಿಯಲ್ಲಿ ನಿಂತಿತು. ಮಾವ ತಲೆ ತಗ್ಗಿಸಲಿಲ್ಲ, ಬೇರೆ ಕಡೆ ನೋಡಲಿಲ್ಲ. ಊಟದ ಬಟ್ಟಲನ್ನು ಎರಡು ಕೈಯಲ್ಲಿ ಎತ್ತಿ, ಆ ಕೈ ನಿಂತಲ್ಲಿಯವರೆಗೆ ಒಯ್ದು ಹಿಡಿದರು.