ಸಾಯಲೊಪ್ಪದ ರಾಕ್ಷಸ, ಬಾಕಿ ಉಳಿದ ಮಂಗಳ

ಫೋರ್ಟ್ ಕೊಚ್ಚಿಯ ಯಾವುದೋ ಗಲ್ಲಿಯಲ್ಲಿ, ಶ್ರುತಿಪೆಟ್ಟಿಗೆ ಹಿಡಿದುಕೊಂಡು, ಮೀನು ಮಾರುವವನೊಬ್ಬನ ಹತ್ತಿರ ತಾಳಮದ್ದಳೆಯ ಮನೆಗೆ ದಾರಿ ಕೇಳಿದೆ. ಹೊಲಿಗೆ ಯಂತ್ರ ಕಲಿಸುವ ಕೆಲಸದ ಮೇಲೆ ರಂಗೂನು, ಕೊಲಂಬೊ ಸುತ್ತಿದವಳು ನಾನು. ದಾರಿ ತಪ್ಪಿದ್ದು ಇಲ್ಲಿ. ಅವನು ಪೆಟ್ಟಿಗೆ ನೋಡಿ, "ವಾ ಚೇಚಿ", ಬಾ ಅಕ್ಕಾ, ಎಂದು ಕರೆದೊಯ್ದು ಕೊಂಕಣಿಯವರ ಭಜನೆಯ ನಡುವೆ ಬಿಟ್ಟುಹೋದ. ಅವರೂ ಪೆಟ್ಟಿಗೆ ನೋಡಿ ಜಾಗ ಕೊಟ್ಟರು. ಶ್ರುತಿ ಹಿಡಿದು, ಪ್ರಸಾದ ತಿಂದ ಮೇಲೆಯೇ ಬಿಡುಗಡೆ.

ಆ ವರ್ಷಗಳಲ್ಲಿ ನಮ್ಮ ತಾಳಮದ್ದಳೆಗಳ ಹಣೆಬರಹವೇ ಹಾಗಿತ್ತು. ಹೊರಟದ್ದು ಒಂದಕ್ಕೆ, ತಲುಪಿದ್ದು ಇನ್ನೊಂದಕ್ಕೆ.

ಭಾಗವತರು ಕಾಸರಗೋಡಿನವರು, ಸರಕಾರಿ ಗುಮಾಸ್ತರು. ರಾಜ್ಯ ವಿಂಗಡಣೆಯಾದಾಗ ಕಡತಗಳ ಜೊತೆ ಅವರನ್ನೂ ತಿರುವನಂತಪುರಕ್ಕೆ ಸಾಗಿಸಿದ್ದರು. ಈಗ ಗಂಟಲಲ್ಲಿ ಗಡ್ಡೆ. ಆಪರೇಷನ್ ಆದ ಮೇಲೆ ದನಿ ಇರುವುದಿಲ್ಲ ಎಂದಿದ್ದರು ಡಾಕ್ಟರು. ಅಷ್ಟರೊಳಗೆ ಒಂದು ಪ್ರಸಂಗವನ್ನು ಮಂಗಳದವರೆಗೆ ಮುಟ್ಟಿಸಬೇಕು, ಅಷ್ಟೇ ಅವರ ಆಸೆ.

ಬೋಟು ಹತ್ತಿದ ರಾಕ್ಷಸ

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ಪಾತ್ರಧಾರಿಗಳು ಪಂಚೆ ಶಾಲಿನಲ್ಲೇ ಕೂತು ವಾದಿಸುತ್ತಾರೆ. ಸಾಯುವುದೆಂದರೆ ಮಾತು ನಿಲ್ಲಿಸುವುದು. ಫೋರ್ಟ್ ಕೊಚ್ಚಿಯಲ್ಲಿ ಅವತ್ತಿನ ರಾಕ್ಷಸ ಎರ್ನಾಕುಳಂನ ಒಬ್ಬ ವಕೀಲರು. ಭಾಗವತರು ವಧೆಯ ಪದ ಹಾಡಿದರು. ವಕೀಲರು, "ನನ್ನ ಅಪರಾಧ ಮೊದಲು ಸಾಬೀತಾಗಲಿ" ಎಂದರು. ಮತ್ತೆ ಹಾಡಿದರು. "ಸಾಕ್ಷಿ ಯಾರು?" ಎಂದರು.

ಅಷ್ಟರಲ್ಲಿ ಎರ್ನಾಕುಳಂಗೆ ಹೋಗುವ ಕೊನೆಯ ಬೋಟಿನ ಹೊತ್ತಾಯಿತು. ರಾಕ್ಷಸ ಸಾಯದೆ ಮಂಗಳ ಹಾಡುವಂತಿಲ್ಲ. ಎಲ್ಲರೂ ಜೆಟ್ಟಿಗೆ ಓಡಿದೆವು. ಬೋಟಿನಲ್ಲಿ ಒಳ್ಳೆಯ ಜಾಗ ಹಿಡಿದು ಕೂತಿದ್ದವನು ರಾಕ್ಷಸ.

ರಾಜಿ

ಮುಂದಿನದು ತಿರುವನಂತಪುರದ ಶ್ರೀಕಾರ್ಯಂನಲ್ಲಿ, ಭಾಗವತರ ಮನೆಯ ಜಗಲಿಯಲ್ಲಿ. ಅವರ ಮೇಲಧಿಕಾರಿ, ಮಲೆಯಾಳಿ, ಮರ್ಯಾದೆಗೆ ಬಂದು ಎದುರಿಗೇ ಕೂತರು. ಕಥಕಳಿ ನೋಡಿ ಬೆಳೆದವರು. ವೇಷ ಈಗ ಬರುತ್ತದೆ, ಆಗ ಬರುತ್ತದೆ ಎಂದು ಕಾದರು. ಬರಲಿಲ್ಲ. ಪಾಲು ಕೊಡದ ಅಣ್ಣನಾಗಿ ವಕೀಲರು, ತಮ್ಮನಾಗಿ ಇನ್ನೊಬ್ಬರು, ಹೀಗೆ ಇಬ್ಬರು ಸಭ್ಯರು ಮಾತ್ರ ಭೂಮಿ, ಭಾಗ, ಅಣ್ಣ, ಅನ್ಯಾಯ ಎಂದು ಕೂಗಾಡುತ್ತಿದ್ದರು. ಆ ಮಾತುಗಳೆಲ್ಲ ಮಲೆಯಾಳದಲ್ಲೂ ಇರುವುದರಿಂದ ಮೇಲಧಿಕಾರಿಗೂ ಗೊತ್ತು.

ಕೊನೆಗೆ ಎದ್ದು ವಕೀಲರ ಭುಜ ಹಿಡಿದರು. "ಚೇಟ್ಟಾ, ಅಣ್ಣಾ, ನೀವು ಓದಿದವರು. ತಮ್ಮನಿಗೆ ಪಾಲು ಕೊಡದೆ ಏನು ಹೊತ್ತುಕೊಂಡು ಹೋಗುತ್ತೀರಿ?"

ವಕೀಲರು ಭಾಗವತರ ಮುಖ ನೋಡಿದರು. ಭಾಗವತರು ಮೇಲಧಿಕಾರಿಯ ಮುಖ ನೋಡಿದರು.

"ಕೊಟ್ಟೆ" ಎಂದರು ವಕೀಲರು.

ಯುದ್ಧ ರದ್ದಾಯಿತು, ಅದರ ಜೊತೆ ಮಂಗಳವೂ. ಅಣ್ಣತಮ್ಮಂದಿರ ಕೈ ಕುಲುಕಿಸಿ, ಸಾಹೇಬರು ತೃಪ್ತಿಯಿಂದ ಮನೆಗೆ ಹೋದರು.

ಸತ್ತದ್ದು

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಅದೇ ಜಗಲಿಯಲ್ಲಿ, ಮೊದಲಿನ ರಾಕ್ಷಸನ ಪ್ರಸಂಗಕ್ಕೇ ಮತ್ತೆ ಕೂತೆವು. ಭಾಗವತರ ದನಿ ಆಗಲೇ ಅರ್ಧ ಗಾಳಿ. ಅದನ್ನು ಕೇಳಲಾರದೆ, ವಕೀಲರು ಮೊದಲ ಪದಕ್ಕೇ ಕೈಮುಗಿದು, "ತಪ್ಪಾಯಿತು, ಸತ್ತೆ" ಎಂದು ಸುಮ್ಮನಾದರು. ಅವರ ಆಯುಷ್ಯದಲ್ಲಿ ಅವರು ಕೈಬಿಟ್ಟ ಒಂದೇ ಕೇಸು ಅದಿರಬೇಕು.

ಭಾಗವತರು ತಾಳ ಕೆಳಗಿಟ್ಟರು. "ಇದೆಂಥದು ಮಾರಾಯ್ರೆ? ನನ್ನ ಪದ ಇನ್ನೂ ಉಂಟು. ಏಳಿ."

ರಾಕ್ಷಸ ಎದ್ದ. ಕಣ್ಣೊರೆಸಿಕೊಂಡು, ಸಂಜೆಯವರೆಗೆ ವಾದಿಸಿ, ಕ್ರಮವಾಗಿ ಸೋತು, ಮಾತು ನಿಲ್ಲಿಸಿದ.

ಮಂಗಳಕ್ಕೆ ಬಾಯಿ ತೆರೆದರೆ ಭಾಗವತರಿಗೆ ದನಿ ಬರಲಿಲ್ಲ. ನನ್ನ ಕಡೆ ನೋಡಿದರು. ಚಿಕ್ಕಂದಿನಲ್ಲಿ ನನಗೆ ಪದ ಕಲಿಸಿದವರು ಅವರೇ. ದಕ್ಷಿಣೆ ಏನು ಕೊಡಲಿ ಎಂದು ಕೇಳಿದಾಗ, "ಒಂದು ದಿನ ಸಭೆಯಲ್ಲಿ ಹಾಡು, ಸಾಕು" ಎಂದಿದ್ದರು. ನಾನು ಹಾಡುವುದನ್ನು ಬಿಟ್ಟು ಊರು ಸುತ್ತಿದ್ದೆ.

ಹಾಡಿದೆ. ಅವರು ತಾಳ ಹಾಕಿದರು. ಎರಡನೆಯ ಸಾಲಿಗೆ ನನ್ನ ಹಾಡೂ ನಿಂತಿತು. ಆಗ ಪಕ್ಕದಿಂದ, ಸತ್ತಿದ್ದ ರಾಕ್ಷಸನೇ ಅಪಸ್ವರದಲ್ಲಿ ಎತ್ತಿಕೊಂಡ. ಭಾಗವತರು ಅವನನ್ನು ದುರುಗುಟ್ಟಿ ನೋಡಿದರು, ತಾಳ ಮಾತ್ರ ಬಿಡಲಿಲ್ಲ. ನಾನು ಕಣ್ಣು ಮುಚ್ಚಿಕೊಂಡು ಕೊನೆಯ ಸಾಲಿನವರೆಗೂ ಹಾಡಿದೆ.