ಸಮೀಕರಣಕ್ಕೊಂದು ಕೊಸರು

ಲೆಕ್ಕದ ಟೀಚರ್ ಅಂದರೆ ಅವರ ತಲೆ ಸದಾ ಚುರುಕಾಗಿ ಓಡುತ್ತಿರುತ್ತದೆ ಎಂದು ಜನ ತಿಳಿದಿದ್ದಾರೆ. ಹಾಗೇನೂ ಇಲ್ಲ. ಸಂಜೆ ನಂಗಲಿಯ ಶಾಲೆ ಬಿಟ್ಟು, ಹೆದ್ದಾರಿಯ ಲಾರಿಗಳ ಹೊಗೆ ಕುಡಿದು, ಬಸ್ಸಿನಲ್ಲಿ ನಿಂತುಕೊಂಡೇ ಮುಳಬಾಗಿಲು ತಲುಪುವ ಹೊತ್ತಿಗೆ ನನಗೆ ಎರಡಕ್ಕೆ ಎರಡು ಸೇರಿಸುವ ತ್ರಾಣವೂ ಇರುವುದಿಲ್ಲ. ಆಗ ನನಗೆ ಬೇಕಾಗುವುದು ಒಂದು ಲೋಟ ಕಾಫಿ, ಮತ್ತು ಯಾರೂ ಏನೂ ಕೇಳದ ಒಂದು ಮೂಲೆ. ಕಾಫಿ ಸಿಗುತ್ತದೆ, ನಾನೇ ಮಾಡಿಕೊಂಡರೆ. ಮೂಲೆಯಲ್ಲಿ ಮಾತ್ರ ಕಳೆದ ವರ್ಷವಿಡೀ ನನ್ನ ನಾದಿನಿ ಮುನಿಲಕ್ಷ್ಮಿ ಗಣಿತದ ಪುಸ್ತಕ ಹಿಡಿದು ಕುಳಿತಿರುತ್ತಿದ್ದಳು.

ಲಕ್ಷ್ಮಿಯನ್ನು ಕೊಟ್ಟಿರುವುದು ಮುಂದಿನ ಬೀದಿಗೇ. ಆ ಬೀದಿಯ ಅಂಗನವಾಡಿಯಲ್ಲಿ ಸಹಾಯಕಿಯ ಕೆಲಸ ಖಾಲಿಯಾಗುವುದಿತ್ತು. ಅದಕ್ಕೆ ಹತ್ತನೇ ತರಗತಿ ಪಾಸಾಗಿರಬೇಕು. ಇವಳೋ ಗಣಿತವೊಂದರಲ್ಲಿ ಫೇಲಾಗಿ, ಮದುವೆಯಾಗಿ, ಆ ವಿಷಯವನ್ನೇ ಮರೆತು ಕುಳಿತವಳು. ವಯಸ್ಸಿನ ಮಿತಿ ಬೇರೆ ಹತ್ತಿರ ಬಂದಿತ್ತು. ಈ ಸಲ ತಪ್ಪಿದರೆ ತಪ್ಪಿದಂತೆಯೇ. "ನೀವಿದ್ದೀರಲ್ಲ ಅತ್ತಿಗೆ, ನಂಗೇನ್ ಭಯ?" ಎಂದಳು. ಭಯವೆಲ್ಲ ನನಗೆ. ಊರಿನ ಮಕ್ಕಳು ಫೇಲಾದರೆ ಮಕ್ಕಳು ಓದಲಿಲ್ಲ ಎಂದು ಕೈ ತೊಳೆದುಕೊಳ್ಳಬಹುದು. ನಾದಿನಿ ಫೇಲಾದರೆ ಅತ್ತಿಗೆ ಬೇಕೆಂದೇ ಸರಿಯಾಗಿ ಹೇಳಿಕೊಡಲಿಲ್ಲ ಎಂದಾಗುತ್ತದೆ.

ಕೆಲವೇ ದಿನಗಳಲ್ಲಿ ಗೊತ್ತಾಯಿತು, ಅವಳಿಗೆ ಕಾಟ ಕೊಡುತ್ತಿದ್ದುದು ಅಂಕಿಗಳಲ್ಲ, ಹೆಸರುಗಳು. ಚರಾಕ್ಷರ, ಸ್ಥಿರಾಂಕ, ಸಮೀಕರಣ ಎಂದೆಲ್ಲ ಓದುವಾಗ ಅವಳ ಮುಖ ನೋಡಿದರೆ ಯಾರೋ ಗೊತ್ತಿಲ್ಲದ ಭಾಷೆಯಲ್ಲಿ ಬೈಯುತ್ತಿದ್ದಾರೆ ಅನ್ನಿಸುತ್ತಿತ್ತು. ಶಿಕ್ಷಕರ ತರಬೇತಿಯಲ್ಲಿ ನಮಗೆ ಹೇಳಿದ್ದು ನೆನಪಾಯಿತು: ಕಷ್ಟದ ಪದವನ್ನು ಮನೆಯ ಬಳಕೆಯ ಮಾತಿಗೆ ತಂದು ಕಟ್ಟಬೇಕು. ಆ ತರಬೇತಿಯಲ್ಲಿ ನಾನು ಊಟದ ನಂತರ ನಿದ್ದೆ ಹೋಗಿದ್ದೆ. ಹಾಗಾಗಿ ಎಲ್ಲಿಯವರೆಗೆ ಕಟ್ಟಬೇಕು ಎಂಬುದನ್ನು ಕೇಳಿಸಿಕೊಂಡಿರಲಿಲ್ಲ. ಚರಾಕ್ಷರ ಎಂದರೆ ಊಟಕ್ಕೆ ಬರುತ್ತೇವೆಂದು ಹೇಳಿ ಎಷ್ಟು ಜನ ಎಂದು ಹೇಳದ ನೆಂಟರು ಎಂದೆ. ತಕ್ಷಣ ಹತ್ತಿತು. ಪರಿಧಿ ಎಂದರೆ ಬಾವಿಯ ಸುತ್ತಲಿನ ಕಟ್ಟೆಯ ಅಳತೆ ಎಂದೆ. ಅದೂ ಹತ್ತಿತು. ಸಮಾಂತರ ರೇಖೆ ಎಂದರೆ ಎಷ್ಟು ದೂರ ಜೊತೆಯಲ್ಲಿ ಹೋದರೂ ಸೇರದೇ ಇರೋವು ಎಂದೆ. "ನೀವೂ ನಮ್ಮಮ್ಮನೂ ಇದ್ದಂಗೆ" ಎಂದಳು ಲಕ್ಷ್ಮಿ, ಬಹಳ ಖುಷಿಯಿಂದ. ಹೊಸ್ತಿಲ ಹತ್ತಿರ ಸೊಪ್ಪು ಸೋಸುತ್ತಿದ್ದ ನಮ್ಮತ್ತೆ ತಲೆ ಎತ್ತಿ, "ಏನಮ್ಮಾ, ಮಗಳಿಗೆ ಪಾಠ ಹೇಳ್ಕೊಡು ಅಂದ್ರೆ ನನ್ನನ್ನ ಗೀಟು ಮಾಡಿದ್ಯಾ?" ಎಂದರು. ಆ ರಾತ್ರಿಯ ಸಾರಿಗೆ ಖಾರ ಸ್ವಲ್ಪ ಹೆಚ್ಚೇ ಬಿದ್ದಿತ್ತು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಸಮೀಕರಣಕ್ಕೆ ಬಂದಾಗ ನಾನು, "ಸಮೀಕರಣ ಅಂದ್ರೆ ತಕ್ಕಡಿ ಕಣೇ. ಎರಡು ಕಡೆನೂ ಸಮ" ಎಂದುಬಿಟ್ಟೆ. ನಮ್ಮತ್ತೆ ಅರ್ಧ ಆಯಸ್ಸು ಮುಳಬಾಗಿಲ ಸಂತೆಯಲ್ಲಿ ತರಕಾರಿ ಮಾರಿದವರು. ಲಕ್ಷ್ಮಿ ಅವರ ಪಕ್ಕದಲ್ಲೇ ಕುಳಿತು ಬೆಳೆದವಳು. ತಕ್ಕಡಿ ಎಂದೊಡನೆ ಅವಳ ಮುಖ ಅರಳಿತು. ಎಕ್ಸ್‌ಗೆ ಐದು ಕೂಡಿಸಿದರೆ ಹನ್ನೆರಡು, ಎಕ್ಸ್ ಎಷ್ಟು ಎಂದು ಕೊಟ್ಟೆ. ಎಂಟು ಎಂದು ಬರೆದಳು. ಮತ್ತೊಂದು ಕೊಟ್ಟೆ. ಅದರಲ್ಲೂ ಒಂದು ಹೆಚ್ಚು. ಆ ವಾರವೆಲ್ಲ ಯಾವ ಲೆಕ್ಕ ಕೊಟ್ಟರೂ ಉತ್ತರ ಒಂದು ಹೆಚ್ಚೇ. ನನ್ನ ತಾಳ್ಮೆ ಹಾರಿಹೋಯಿತು. ಮೊದಲ ಲೆಕ್ಕವನ್ನೇ ಮತ್ತೆ ಮುಂದಿಟ್ಟೆ.

"ಏಳಲ್ವೇನೇ ಲಕ್ಷ್ಮಿ?"

"ಏಳೇ ಅತ್ತಿಗೆ. ಒಂದು ಕೊಸರು."

ತೂಕವಾದ ಮೇಲೆ ಗಿರಾಕಿಗೆಂದು ಮೇಲೊಂದು ಹಾಕುವ ಬದನೆಕಾಯಿಯೋ ಹಿಡಿ ಹುರುಳಿಕಾಯಿಯೋ ಇದೆಯಲ್ಲ, ಆ ಕೊಸರು. ಸಮೀಕರಣದಲ್ಲಿ ಕೊಸರು ಇಲ್ಲ, ಮಟ್ಟವಾಗಿ ನಿಲ್ಲಬೇಕು ಎಂದೆ. ಅವಳು ನನ್ನನ್ನು ಕನಿಕರದಿಂದ ನೋಡಿದಳು. "ಮಾಲಿನ ಕಡೆ ಬಾಗ್ಲಿಲ್ಲ ಅಂದ್ರೆ ಜನ ಏನಂದಾರು ಅತ್ತಿಗೆ?" ಅತ್ತೆ ಅಲ್ಲಿಂದಲೇ ದನಿಗೂಡಿಸಿದರು: "ಅವಳಿಗೇನ್ ಗೊತ್ತು ಬಿಡೇ. ಇಷ್ಟು ವರ್ಷ ಸಂತೆಗೆ ಹೋಗ್ತಾಳೆ, ಒಂದು ಮೆಣಸಿನಕಾಯಿ ಕೊಸರು ಕೇಳಿ ತಂದಿಲ್ಲ." ಅದು ನಿಜ. ತೂಕ ಸರಿಯಿದ್ದ ಮೇಲೆ ಕೇಳುವುದು ತಪ್ಪು ಎಂದು ನನ್ನ ಗಣಿತ ಹೇಳುತ್ತದೆ. ಅದಕ್ಕಾಗಿ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಕೊನೆಗೆ ಸುಸ್ತಾಗಿ, "ತರಕಾರಿ ತಕ್ಕಡಿ ಬಿಡು. ಇದು ಚಿನ್ನದಂಗಡಿ ತಕ್ಕಡಿ" ಎಂದೆ. ಲಕ್ಷ್ಮಿ ಕಿವಿಯ ಓಲೆ ಮುಟ್ಟಿಕೊಂಡು ಒಂದು ಗಳಿಗೆ ಯೋಚಿಸಿದಳು. "ಅಲ್ಲಿ ಕೊಸರು ಹಾಕಲ್ಲ, ಪಾಪಿಗಳು" ಎಂದು ಏಳು ಎಂದು ಬರೆದಳು. ಅಂದಿನಿಂದ ಉತ್ತರಗಳು ಸರಿಯಾದವು. ಆದರೆ ಪ್ರತಿ ಸಲ ಬರೆಯುವಾಗಲೂ ಅವಳ ಮುಖದಲ್ಲಿ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದ ಸಂಕಟವಿರುತ್ತಿತ್ತು.

ಪರೀಕ್ಷೆ ಮುಗಿಯಿತು. ಫಲಿತಾಂಶದ ದಿನ ನನ್ನ ಮೊಬೈಲಿನಲ್ಲಿ ಅವಳ ನೋಂದಣಿ ಸಂಖ್ಯೆಯನ್ನು ಎರಡೆರಡು ಸಲ ಒತ್ತಿ ನೋಡಿದೆ. ಲಕ್ಷ್ಮಿ ನನ್ನ ಸೆರಗು ಹಿಡಿದುಕೊಂಡು ಕಣ್ಣು ಮುಚ್ಚಿ ನಿಂತಿದ್ದಳು. ಪಾಸು! ಅತ್ತೆ ಅಡಿಗೆ ಮನೆಯಿಂದ ಸಕ್ಕರೆ ಡಬ್ಬಿಯನ್ನೇ ಎತ್ತಿಕೊಂಡು ಬಂದರು. ಲಕ್ಷ್ಮಿ ಅತ್ತೇಬಿಟ್ಟಳು, ನನಗೂ ಕಣ್ಣು ತುಂಬಿತು. ಆಮೇಲೆ ಅಂಕಪಟ್ಟಿ ಕೈಗೆ ಬಂದಾಗ ಸರಿಯಾಗಿ ನೋಡಿದೆ. ಅವಳ ಸ್ವಂತ ಅಂಕಗಳು ಪಾಸಿಗೆ ಸ್ವಲ್ಪ ಸಾಲದೇ ಬಂದಿದ್ದವು. ಉಳಿದದ್ದನ್ನು ಬೋರ್ಡಿನವರು ತುಂಬಿಕೊಟ್ಟಿದ್ದರು.

"ಇದೇನತ್ತಿಗೆ, ಕೃಪಾಂಕ?" ಎಂದು ಕೇಳಿದಳು. ಇಡೀ ವರ್ಷ ಪದಗಳಿಗೆ ಮನೆಯ ಮಾತು ಹುಡುಕಿಕೊಟ್ಟ ನಾನು ಈ ಸಲ ನೇರವಾಗಿಯೇ ಹೇಳಲು ಹೊರಟೆ. ಅಂಕ ಸಾಲದೇ ಇದ್ದಾಗ ಅವರಾಗಿಯೇ ಮೇಲೆ ಹಾಕಿಕೊಡುತ್ತಾರೆ ಎಂದು ತಡವರಿಸಿದೆ.

"ಕೊಸರು ಅನ್ನಿ, ಮತ್ತೆ!" ಎಂದಳು ಲಕ್ಷ್ಮಿ. ಅತ್ತೆ ನನ್ನ ಕಡೆ ಒಂದು ನೋಟ ನೋಡಿ, ಸೊಪ್ಪು ಸೋಸಲು ಕುಳಿತರು. ಬೈದಿದ್ದರೆ ವಾಸಿಯಾಗಿತ್ತು.

ಈಗ ಅವಳು ಅಂಗನವಾಡಿಗೆ ಹೋಗುತ್ತಿದ್ದಾಳೆ. ಮಕ್ಕಳಿಗೆ ಉಪ್ಪಿಟ್ಟು ಬಡಿಸುವಾಗ ಮೇಲೊಂದು ಚಮಚ ಬೀಳುತ್ತದಂತೆ. ನನ್ನ ಮೂಲೆ ನನಗೆ ವಾಪಸು ಸಿಕ್ಕಿದೆ. ಮೊನ್ನೆ ಬಸ್ಸಿಳಿದು, ಕಾಲೆಳೆದುಕೊಂಡು ಮಾರ್ಕೆಟ್ಟಿಗೆ ಹೋಗಿ ಟೊಮ್ಯಾಟೊ ತೂಗಿಸಿದೆ. ತಕ್ಕಡಿ ಸರಿಯಾಗಿ ಮಟ್ಟಕ್ಕೆ ನಿಂತಿತು. ಅಂಗಡಿಯವನು ಚೀಲಕ್ಕೆ ಸುರಿದ. ನಾನು ಚೀಲದ ಬಾಯಿ ಮುಚ್ಚಲಿಲ್ಲ. "ಸರಿಯಾಗಿದೆಯಲ್ಲ ಮೇಡಂ, ಇನ್ನೇನು?" ಎಂದ. ಸುತ್ತ ನನ್ನ ವಿದ್ಯಾರ್ಥಿಗಳು ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ನೋಡಿಕೊಂಡು, ದನಿ ತಗ್ಗಿಸಿ ಹೇಳಿದೆ:

"ಮೇಲೊಂದು ಹಾಕಪ್ಪಾ."